ಏರಿ ಮೇಲಿನ ಮೊಟ್ಟೆ

ಕೆರೆಯಂಗಳದಲ್ಲಿ ಕುರಿಗಳ ತುಳಿದಾಟ ತಾಳಲಾರದೆ ಟಿಟ್ಟಿಭ ಹಕ್ಕಿ ಆ ವರ್ಷ ಕೆರೆ ಏರಿಯ ಮೇಲೆ ಮೊಟ್ಟೆಯಿಟ್ಟಿತು. ಮಾರನೆಯ ದಿನ ನೋಡಿದರೆ ಇರುವೆಗಳೂ ತಮ್ಮ ಮೊಟ್ಟೆ ಕಚ್ಚಿಕೊಂಡು ಸಾಲಾಗಿ ಏರಿ ಹತ್ತುತ್ತಿವೆ. ಹಕ್ಕಿ ಗಾಬರಿಯಿಂದ ಕೇಳಿತು:

"ಇರುವೆಯಮ್ಮಾ, ಅಂಥಾ ದೊಡ್ಡ ಮಳೆ ಬರುತ್ತದೆಯೆ?"

"ನಮ್ಮನ್ನೇನು ಕೇಳುತ್ತೀಯಕ್ಕಾ? ನೀನು ಮೇಲೆ ಬಂದದ್ದು ಕಂಡೇ ನಾವು ಗೂಡು ಬಿಟ್ಟೆವು."

ಅಷ್ಟರಲ್ಲಿ ಕೆರೆ ಕಾಯುವ ನೀರುಗಂಟಿ ಗಿಡ್ಡಯ್ಯ ಬಂದ. ಏರಿ ಮೇಲೆ ಹಕ್ಕಿಯ ಮೊಟ್ಟೆ, ಪಕ್ಕದಲ್ಲೇ ಇರುವೆ ಸಾಲು. ಅವನು ತೂಬಿನತ್ತ ಓಡಿದ.

"ಟಿಟ್ಟಿಭ ಏರಿ ಹತ್ತಿದರೆ ಕೆರೆ ಒಡೆಯೋವಂಥ ಮಳೆ ಅಂತ ನಮ್ಮಜ್ಜ ಹೇಳ್ತಿದ್ದ. ಇರೋ ನೀರು ಈಗಲೇ ಹೊರಗೆ ಬಿಡದಿದ್ದರೆ ಊರು ಉಳಿಯೋದಿಲ್ಲ," ಎಂದು ತೂಬು ಎತ್ತಿದ. ಬೇಸಿಗೆಯಿಡೀ ಕಾದಿಟ್ಟ ನೀರು ಭೋರ್ಗರೆದು ಹೊರಟಿತು.

ಹುಟ್ಟುವ ಮರಿಗಳಿಗೆ ಗುಟುಕು ನೀರೂ ಉಳಿಯದಲ್ಲ ಎಂದು ಹಕ್ಕಿ ಅವನ ತಲೆಯ ಮೇಲೆ ಸುತ್ತುತ್ತ ಕೂಗಿತು: "ಅಯ್ಯಾ, ಮುಚ್ಚು! ನಾನು ಬಂದದ್ದು ಕುರಿಗಳಿಗೆ ಹೆದರಿ!"

ಗಿಡ್ಡಯ್ಯ ಒಂದು ಚೂರೂ ಮೋಡವಿಲ್ಲದ ಆಕಾಶಕ್ಕೆ ಕೈಮುಗಿದ. "ಶಿವನೇ, ಹಕ್ಕಿ ಬೇರೆ ಬಾಯಿ ಬಡ್ಕೋತಿದೆ, ಮಳೆ ಬಂದೇಬಿಡ್ತು!" ಎಂದವನೇ ತೂಬನ್ನು ಇನ್ನೊಂದು ಗೇಣು ಮೇಲೆತ್ತಿದ.