ಕಲ್ಲಯ್ಯನ ಕಣ್ಣು, ರೇವಯ್ಯನ ಓದು

ಹೊಳೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲೊಬ್ಬ ಗುರು. ಎಲ್ಲರೂ ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು.

ದಿನಾ ಬೆಳಿಗ್ಗೆ ಅಲ್ಲಿ ಶರಣರ ಕಥೆಗಳ ಓದು ನಡೆಯುತ್ತಿತ್ತು. ಅಜ್ಜನ ಪಕ್ಕದಲ್ಲಿ ಒಂದು ಮಣೆ. ಒಬ್ಬ ಶಿಷ್ಯ ಆ ಮಣೆಯ ಮೇಲೆ ಕುಳಿತು ಗ್ರಂಥ ಓದಬೇಕು, ಅಜ್ಜ ಅರ್ಥ ಹೇಳಬೇಕು. ಗಂಟೆ ಬಾರಿಸಿದ ಮೇಲೆ ಮಣೆ ಖಾಲಿ ಇರಕೂಡದು. ಓದುವವನು ಬಂದಿಲ್ಲವೆಂದರೆ ಅವನ ಹಿಂದೆ ಕುಳಿತವನು ಎದ್ದು ಮಣೆ ಹಿಡಿಯಬೇಕು. ಅದು ಅಲ್ಲಿಯ ಪದ್ಧತಿ.

ಆ ಮಣೆ ಕಲ್ಲಯ್ಯನದು. ಯಾರೂ ಬರೆದುಕೊಟ್ಟಿರಲಿಲ್ಲ. ವರ್ಷಗಟ್ಟಲೆ ಅವನೇ ಕೂತು ಕೂತು ಅದು ಅವನದಾಗಿತ್ತು. ದನಿ ಕಂಚಿನಂಥದ್ದು. ಜನ ಹೊಳೆ ದಾಟಿ ಬರುವುದು ತನ್ನ ಓದು ಕೇಳಲಿಕ್ಕೇ ಎಂದು ಅವನು ನಂಬಿದ್ದ. ಕೆಲವರು ಬರುತ್ತಿದ್ದದ್ದು ಅಜ್ಜನ ಮಾತಿಗೆ. ಇನ್ನು ಕೆಲವರು ಬರುತ್ತಿದ್ದದ್ದು ಆಮೇಲೆ ಹಂಚುವ ಸಿಹಿ ಸಜ್ಜಕಕ್ಕೆ. ಅದನ್ನು ಅವನಿಗೆ ಹೇಳುವವರು ಯಾರು?

ಅವನ ಹಿಂದೆ ಕೂರುತ್ತಿದ್ದವನು ರೇವಯ್ಯ. ವಯಸ್ಸಿನಲ್ಲಿ ಕಿರಿಯ, ಮಾತು ಕಡಿಮೆ. ಕಲ್ಲಯ್ಯ ಓದುವಾಗ ಇವನ ತುಟಿ ಸದ್ದಿಲ್ಲದೆ ಆಡುತ್ತಿತ್ತು.

ಒಮ್ಮೆ ಕಲ್ಲಯ್ಯ ಪೇಟೆಗೆ ಹೋದ, ಓದಲು ಹಾಕುವ ಚಾಳೀಸು ಬದಲಿಸಿಕೊಳ್ಳಲು. ಕಣ್ಣಿನ ಡಾಕ್ಟರು ಅವನ ಕಣ್ಣೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು.

"ಚಾಳೀಸಿಂದಲ್ರಿ ತ್ರಾಸು. ಕಣ್ಣಿನ ಒಳಗ ಒತ್ತಡ ಹೆಚ್ಚಾಗೇತಿ. ಗ್ಲಾಕೋಮಾ ಅಂತಾರ ಇದಕ್ಕ."

"ನೋವ ಇಲ್ಲಲ್ರಿ ನನಗ?"

"ನೋವ ಆಗೂದಿಲ್ಲ, ಅದಕ್ಕ ಇದು ಕೆಟ್ಟದ್ದು. ಮೊದಲ ಬದಿಯ ನೋಟ ಹೋಗತೈತಿ. ಕಡೀಕ ನಡುವಿಂದೂ ಹೋಗತೈತಿ."

"ಹೋದದ್ದು ತಿರುಗಿ ಬರತೈತೇನ್ರಿ?"

"ಇಲ್ಲ. ಉಳಿದದ್ದನ್ನ ಉಳಿಸಿಕೊಳ್ಳೂದಷ್ಟ ನಮ್ಮ ಕೈಯಾಗ ಐತಿ."

ಡಾಕ್ಟರು ಒಂದು ಹನಿ ಔಷಧ ಬರೆದುಕೊಟ್ಟರು. ಮುಂಜಾನೆ ಒಮ್ಮೆ, ರಾತ್ರಿ ಒಮ್ಮೆ. ಬಿಟ್ಟ ಮೇಲೆ ಮೂಗಿನ ಪಕ್ಕದ ಕಣ್ಣ ಮೂಲೆಯನ್ನು ಬೆರಳಿಂದ ಒತ್ತಿ ಹಿಡಿದು, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂರಬೇಕು.

"ಎಷ್ಟು ದಿನ ಹಾಕೋಬೇಕ್ರಿ?"

"ಬದುಕಿರೂತನಕ."

ಆಶ್ರಮಕ್ಕೆ ಬಂದು ಕಲ್ಲಯ್ಯ ಯಾರಿಗೂ ಏನೂ ಹೇಳಲಿಲ್ಲ. ಕಣ್ಣು ಕೆಟ್ಟವನಿಗೆ ಓದುವ ಮಣೆ ಯಾರು ಕೊಡುತ್ತಾರೆ? ಚಾಳೀಸು ಬದಲಾಯಿತು ಎಂದ, ಸೀಸೆಯನ್ನು ಬಟ್ಟೆಯ ಗಂಟಿನಲ್ಲಿ ಬಚ್ಚಿಟ್ಟ.

ಮರುದಿನ ಬೆಳಿಗ್ಗೆ ಕೋಣೆಯ ಬಾಗಿಲು ಮುಚ್ಚಿ ಹನಿ ಬಿಟ್ಟುಕೊಂಡ. ಮೊದಲಿನದು ಕೆನ್ನೆಯ ಮೇಲೆ ಬಿತ್ತು. ಮತ್ತೊಂದು ಮೂಗಿನ ಮೇಲೆ. ಅಂತೂ ಕಣ್ಣೊಳಗೆ ಬಿದ್ದಾಗ ಭಗ್ಗೆಂದು ಉರಿಯಿತು. ಕಣ್ಣು ಮುಚ್ಚಿ ಕುಳಿತ. ಅಷ್ಟರಲ್ಲಿ ಗಂಟೆ ಹೊಡೆಯಿತು.

ಅವನು ಓಡಿ ಬಂದಾಗ ಮಣೆಯ ಮೇಲೆ ರೇವಯ್ಯ ಕುಳಿತಿದ್ದ. ಓದುತ್ತಿದ್ದ. ಅಜ್ಜ ತಲೆದೂಗುತ್ತಿದ್ದರು. ಮುಖದ ಮೇಲೆ ನಗೆಯೂ ಇತ್ತು.

ಕಲ್ಲಯ್ಯ ಕಂಬದ ಪಕ್ಕ ಕುಳಿತ.  ನನ್ನ ಓದಿಗೆ ಅಜ್ಜಾರು ಯಾವತ್ತು ಹೀಗೆ ನಕ್ಕಿದ್ದರು? ನೆನಪಿಗೆ ಬರಲಿಲ್ಲ. ಅಂದಿನ ಸಜ್ಜಕ ಅವನಿಗೆ ರುಚಿಸಲಿಲ್ಲ.

ಮಾರನೆಯ ದಿನ ಗಂಟೆಗೆ ಬಹಳ ಮೊದಲೇ ಬಂದು ಮಣೆ ಹಿಡಿದ. ಔಷಧವನ್ನು ಓದು ಮುಗಿದ ಮೇಲೆ ಬಿಟ್ಟುಕೊಂಡರಾಯಿತು ಎಂದುಕೊಂಡ. ಓದು ಮುಗಿದ ಮೇಲೆ ಜನ ಅವನ ಕಾಲು ಮುಟ್ಟಲು ಬರುತ್ತಿದ್ದರು. ಹೊಗಳಿಕೆ ಕೇಳುತ್ತ ಔಷಧ ಮರೆಯುತ್ತಿದ್ದ. ಮುಂಜಾನೆಯದು ತಪ್ಪಿತು, ಆಮೇಲೆ ರಾತ್ರಿಯದೂ ತಪ್ಪಿತು. ನೋವೇ ಇಲ್ಲದ ಕಾಯಿಲೆಗೆ ಔಷಧದ ಅವಸರವೇನು?

ಔಷಧ ಬಿಟ್ಟುಕೊಳ್ಳದ ಕಲ್ಲಯ್ಯ ರೇವಯ್ಯನನ್ನು ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದ.

ಮಳೆಗಾಲ ಕಳೆಯಿತು, ಚಳಿ ಬಂತು. ಆಶ್ರಮದಲ್ಲಿ ವಿಚಿತ್ರಗಳು ಶುರುವಾದವು.

ದಾರಿಯಲ್ಲಿಟ್ಟ ಕೊಡ ಕಲ್ಲಯ್ಯನ ಎಡಗಾಲಿಗೆ ತಾಗಿ ಉರುಳಿತು.

"ಯಾರು ಇಲ್ಲೆ ಕೊಡಾ ಇಟ್ಟಾವ್ರು?"

"ನಾನ್ರೀ ಅಣ್ಣಾರ. ದಿನಾ ಅಲ್ಲೇ ಇಡತೀನಿ," ಎಂದ ರೇವಯ್ಯ.

ಬೇಕಂತಲೇ ಇಟ್ಟಾನ ಎಂದುಕೊಂಡ ಕಲ್ಲಯ್ಯ.

ಪಂಕ್ತಿಯಲ್ಲಿ ರೇವಯ್ಯ ಎಡಗಡೆಯಿಂದ ಸಾರು ಬಡಿಸಲು ಬಂದ. ಕಲ್ಲಯ್ಯನ ಮೊಣಕೈ ತಾಗಿ ಸಾರೆಲ್ಲ ಧೋತರದ ಮೇಲೆ. ಬೇಕಂತಲೇ ಚೆಲ್ಲಿದ! ಬಾಗಿಲ ಚೌಕಟ್ಟು ಭುಜಕ್ಕೆ ಬಡಿಯಿತು. ಬಾಗಿಲನ್ನು ಅರ್ಧ ಮುಚ್ಚಿಟ್ಟವನೂ ಅವನೇ ಇರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಆ ರೇವಯ್ಯ ಎಲ್ಲಿಂದಲೋ ಏಕಾಏಕಿ ಪಕ್ಕದಲ್ಲಿ ಪ್ರತ್ಯಕ್ಷನಾಗುತ್ತಿದ್ದ. ಹೆಜ್ಜೆಯ ಸುಳಿವೂ ಇಲ್ಲದೆ, ಕಳ್ಳ ಬೆಕ್ಕಿನ ಹಾಗೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕಲ್ಲಯ್ಯನ ಪಾಲಿಗೆ ನೆಲವನ್ನು ಡೊಂಕು ಮಾಡಿದವನೂ ರೇವಯ್ಯನೇ.

ಒಂದು ಮಧ್ಯಾಹ್ನ ತಡೆಯಲಾರದೆ ಅಜ್ಜನ ಬಳಿ ಹೋದ. ಅಜ್ಜ ಹೊಳೆಯ ಕಡೆ ಮುಖ ಮಾಡಿ ಕಟ್ಟೆಯ ಮೇಲೆ ಕುಳಿತಿದ್ದರು. ಕಲ್ಲಯ್ಯ ಎದುರಿಗೆ ನೆಲದ ಮೇಲೆ ಕುಳಿತ.

"ಅಜ್ಜಾರ, ಒಂದ ಮಾತೈತ್ರಿ."

"ಹೇಳು. ನನ್ನ ಮುಖಾ ನೋಡಿ ಹೇಳು. ಅತ್ತಿತ್ತ ನೋಡಬ್ಯಾಡ."

ಕಲ್ಲಯ್ಯ ಅಜ್ಜನ ಮುಖದಲ್ಲೇ ಕಣ್ಣು ನೆಟ್ಟು ಹೇಳತೊಡಗಿದ. ಕೊಡದ ಕಥೆ ಹೇಳಿದ, ಸಾರಿನ ಕಥೆ ಹೇಳಿದ, ಬಾಗಿಲಿನದೂ ಹೇಳಿದ.

"ಅವಗ ನನ್ನ ಮಣೆ ಮ್ಯಾಲೆ ಕಣ್ಣೈತ್ರಿ. ನಾ ಬಿದ್ದ ಕಾಲ ಮುರಕೊಂಡ್ರ ತಾ ಕುಂದರಬೇಕಂತಾನ. ಮ್ಯಾಲೆ ನೋಡಿದ್ರ ಭೋಳೆ, ಒಳಗ ಪಕ್ಕಾ ಕಳ್ಳ."

"ಮತ್ತ?"

"ಅವ ಓದಿದ ದಿನ ನೀವು ನಕ್ರಿ. ನನಗ ಎಂದೂ ನಕ್ಕಿಲ್ಲ. ಅವತ್ತಿನಿಂದ ನನಗ ಅನ್ನ ಸೇರವಲ್ದು."

 ಅಜ್ಜ ಕೇಳಿದರು.

"ಕಲ್ಲಯ್ಯಾ, ಇಷ್ಟ ಮನಸ ಬಿಚ್ಚಿ ಮಾತಾಡಾಕತ್ತೀಯಲ್ಲ. ಇಲ್ಲೆ ಯಾರ್ಯಾರು ಅದೀವಿ?"

"ನೀವು, ನಾನು. ಮತ್ಯಾರ ಅದಾರ್ರಿ?"

"ರೇವಯ್ಯಾ, ಅಣ್ಣಗ ಮಜ್ಜಿಗಿ ಕೊಡು."

ಎಡಗಡೆಯಿಂದ ಒಂದು ಕೈ, ಕೈಯಲ್ಲಿ ಮಜ್ಜಿಗೆಯ ಲೋಟ, ಕಲ್ಲಯ್ಯನ ಮೂಗಿನ ಮುಂದೆ ಬಂತು. ಅವನು ಬೆಚ್ಚಿ ಹಿಂದಕ್ಕೆ ಸರಿದ. ತಿರುಗಿ ನೋಡಿದರೆ ಒಂದು ಮೊಳ ದೂರದಲ್ಲಿ ರೇವಯ್ಯ ಕುಳಿತಿದ್ದ. ಅವನ ಕಣ್ಣು ತುಂಬಿತ್ತು.

"ಇವ... ಇವ ಯಾವಾಗ ಬಂದ?"

"ನೀ ಕೊಡದ ಕಥೀ ಹೇಳೂವಾಗ ಬಂದ. ನಾನ ಕೈ ಮಾಡಿ ಕುಂದರಿಸಿದೆ," ಎಂದರು ಅಜ್ಜ. "ನಿನ್ನ ಎಡಗಡೆ ದಾರಿಯಿಂದನ ಬಂದ. ನಿನ್ನ ಬಾಜೂಕ ಕುಂತ. ಕಾಣಲಿಲ್ಲೇನು?"

 ಕಲ್ಲಯ್ಯ ಅಜ್ಜನ ಮುಖ ನೋಡಿದ. ರೇವಯ್ಯ ಮಾಯವಾದ. ಕತ್ತು ಹೊರಳಿಸಿದ. ರೇವಯ್ಯ ಅಲ್ಲೇ ಇದ್ದ. ಮತ್ತೆ ಅಜ್ಜನ ಕಡೆ ನೋಡಿದ. ಮತ್ತೆ ಮಾಯ.

ಅವನಿಗೆ ಭಯವಾಯಿತು. ಜೀವಮಾನದಲ್ಲಿ ಅಷ್ಟು ಭಯ ಅವನಿಗೆ ಆಗಿರಲಿಲ್ಲ.

"ಅಜ್ಜಾರ, ನನ್ನ ಕಣ್ಣು ಹೊಂಟಾವ್ರಿ," ಎಂದು ಅತ್ತುಬಿಟ್ಟ. ಚಾಳೀಸು, ಡಾಕ್ಟರು, ಗಂಟಿನಲ್ಲಿ ಬಚ್ಚಿಟ್ಟ ಸೀಸೆ, ಎಲ್ಲವನ್ನೂ ಹೇಳಿದ.

ಅಜ್ಜನಿಗೆ ಸಿಟ್ಟು ಬಂತು. "ಒಂದ ಕಟ್ಟಿಗಿ ತುಂಡಿಗೆ ಕಣ್ಣ ಕೊಡತಾರೇನೋ ಹುಚ್ಚಾ?"

"ಕಟ್ಟಿಗಿ ತುಂಡಲ್ರಿ ಅದು. ನಿಮ್ಮ ಬಾಜೂಕಿನ ಜಾಗಾ."

ಅಜ್ಜನ ಸಿಟ್ಟು ಅಲ್ಲಿಗೇ ನಿಂತಿತು. "ಮಜ್ಜಿಗಿ ಕುಡಿ. ನಾಳೆ ಪ್ಯಾಟಿಗೆ ಹೋಗು. ರೇವಯ್ಯ ಸಂಗಾಟ ಬರತಾನ."

"ಇವನ್ಯಾಕ್ರಿ?"

"ಎಡಗಡೆ ಯಾರರ ಬೇಕಲ್ಲ ನಿನಗ."

ಪೇಟೆಯಲ್ಲಿ ಡಾಕ್ಟರು ಅವನನ್ನು ಒಂದು ಯಂತ್ರದ ಮುಂದೆ ಕೂರಿಸಿದರು. ಗಲ್ಲ ಊರಿ ನಡುವೆ ನೋಡುತ್ತಿರಬೇಕು. ಅಲ್ಲೊಂದು ಇಲ್ಲೊಂದು ಬೆಳಕಿನ ಚುಕ್ಕೆ ಮಿಣುಕಿದಾಗ ಕೈಯಲ್ಲಿನ ಗುಂಡಿ ಒತ್ತಬೇಕು. ಇವನಿಗಿಂತ ಮೊದಲು ಕುಳಿತಿದ್ದ ಮುದುಕ ಟಕಟಕನೆ ಒತ್ತಿದ್ದು ಕಲ್ಲಯ್ಯನ ಕಿವಿಗೆ ಬಿದ್ದಿತ್ತು. ಆ ಮುದುಕನಿಗಿಂತ ನಾನೇನು ಕಡಿಮೆ? ಇವನೂ ಒಂದೇ ಸಮನೆ ಒತ್ತಿದ.

ಡಾಕ್ಟರು ಹಾಳೆ ನೋಡಿ ಹಣೆ ಚಚ್ಚಿಕೊಂಡರು.

"ಏನ್ರೀ ಇದು? ಬೆಳಕ ಇಲ್ಲದಾಗೂ ಒತ್ತೀರಲ್ಲ. ಇದು ಪೈಪೋಟಿ ಅಲ್ರಿ. ಕಾಣದಿದ್ರ ಸುಮ್ಮನ ಕುಂದರಬೇಕು."

ಮತ್ತೆ ಕೂರಿಸಿದರು. ಈ ಸಲ ಕಂಡಾಗಷ್ಟೇ ಒತ್ತಿದ. ಬಹಳ ಹೊತ್ತು ಬೆರಳು ಸುಮ್ಮನೇ ಇತ್ತು. ಎಷ್ಟು ಸಲ ಸುಮ್ಮನಿರಬೇಕಾಯಿತು ಎಂಬುದು ಅವನಿಗೇ ತಿಳಿಯಲಿಲ್ಲ.

"ಎಡಗಡೆ ಬಹಳ ಹೋಗೇತಿ," ಎಂದರು ಡಾಕ್ಟರು. "ನಡುವಿಂದು ಇನ್ನೂ ಚೊಲೋ ಐತಿ. ಓದಾಕ ಬರತೈತಿ. ಆದ್ರ ಹಿಂಗ ಔಷಧ ಬಿಟ್ಟು ಕುಂತ್ರ ಅದೂ ಉಳಿಯೂದಿಲ್ಲ."

ಹಿಂದಿರುಗುವಾಗ ದೋಣಿ ಹತ್ತುವಲ್ಲಿ ರೇವಯ್ಯ ಕೈ ಚಾಚಿದ. ಕಲ್ಲಯ್ಯ ಹಿಡಿಯಲಿಲ್ಲ. ಕಾಲು ಜಾರಿದಾಗ ಹಿಡಿದ.

"ಅಣ್ಣಾರ, ನಾ ಹಿಂದಿನ ಸಾಲಿಗೆ ಹೋಗತೀನ್ರಿ. ನನಗ ಮಣೆ ಬ್ಯಾಡ," ಎಂದ ರೇವಯ್ಯ.

"ದಾನಾ ಕೊಡಾಕತ್ತೀಯೇನು ನನಗ?" ಎಂದು ಕಲ್ಲಯ್ಯ ಸಿಡುಕಿದ.

ಸಂಜೆ ಅಜ್ಜ ಇಬ್ಬರನ್ನೂ ಕರೆದರು.

"ಕಲ್ಲಯ್ಯಾ, ದಿನದಾಗ ನೀ ಎಂದೂ ಮರೀಲಾರದ ಹೊತ್ತು ಯಾವುದು?"

"ಓದಿನ ಗಂಟೀರಿ."

"ಹಂಗಾದ್ರ ಮುಂಜಾನಿ ಔಷಧ ಆ ಗಂಟೀಗೇ."

"ಮಣೆ ಖಾಲಿ ಬಿಡಬಾರದಲ್ರಿ?"

"ಖಾಲಿ ಇರೂದಿಲ್ಲ. ರೇವಯ್ಯ ನಿನಗ ಹನಿ ಬಿಟ್ಟು, ಹೋಗಿ ಓದಾಕ ಕುಂದರತಾನ."

ಕಲ್ಲಯ್ಯನ ಮುಖ ಕಪ್ಪಿಟ್ಟಿತು. ತನ್ನ ಕಣ್ಣು ಮುಚ್ಚಿಸುವವನೂ ಅವನೇ, ಮಣೆ ಏರುವವನೂ ಅವನೇ!

"ಎಷ್ಟು ದಿನಾರೀ ಅಜ್ಜಾರ?"

"ಔಷಧ ಎಷ್ಟು ದಿನ ಅಂದಾರ?"

"ಬದುಕಿರೂತನಕ ಅಂದಾರ್ರಿ."

"ಹಂಗಾದ್ರ ಇದೂ ಅಷ್ಟ."

ಹಾಗೇ ನಡೆಯಿತು. ಗಂಟೆ ಹೊಡೆಯುತ್ತಿತ್ತು. ಕಲ್ಲಯ್ಯ ಕಂಬಕ್ಕೆ ತಲೆಯಾನಿಸಿ ಮುಖ ಮೇಲೆತ್ತುತ್ತಿದ್ದ. ರೇವಯ್ಯ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಂದೊಂದೇ ಹನಿ ಬಿಡುತ್ತಿದ್ದ. ಒಂದೂ ಕೆನ್ನೆಗೆ ಬೀಳುತ್ತಿರಲಿಲ್ಲ. ಕಲ್ಲಯ್ಯನಿಗೆ ಅದೂ ಹೊಟ್ಟೆಕಿಚ್ಚು. ಹನಿ ಬಿಡುವುದರಲ್ಲಿಯೂ ಇವನೇ ಜಾಣ!

ಆಮೇಲೆ ಕಣ್ಣು ಮುಚ್ಚಿ, ಮೂಲೆ ಒತ್ತಿಕೊಂಡು ಕೂರಬೇಕು. ತೆರೆದ ಮೇಲೂ ಎಲ್ಲ ಮಂಜು ಮಂಜು. ಓದು ಮುಗಿಯುವ ತನಕ ಬೇರೆ ಕೆಲಸವಿಲ್ಲ. ರೇವಯ್ಯ ಎಲ್ಲಿ ತಪ್ಪುತ್ತಾನೆ ಎಂದು ಕಿವಿ ನಿಮಿರಿಸಿ ಕಾಯುತ್ತಿದ್ದ. ಅವನು ತಡವರಿಸಿದ ದಿನ ಕಲ್ಲಯ್ಯನಿಗೆ ಸಜ್ಜಕ ರುಚಿಸುತ್ತಿತ್ತು. ತಡವರಿಸದ ದಿನ ಅರ್ಧ ಬಿಟ್ಟು ಏಳುತ್ತಿದ್ದ.

ತಪ್ಪು ಹುಡುಕಬೇಕೆಂದರೂ ಪ್ರತಿ ಮಾತನ್ನೂ ಕೇಳಲೇಬೇಕಲ್ಲ. ಕೇಳಿದ.

ಒಂದು ಬೆಳಿಗ್ಗೆ ರೇವಯ್ಯ ಇಬ್ಬರು ಅಣ್ಣತಮ್ಮಂದಿರ ಕಥೆ ಓದಿದ. ಇಬ್ಬರಿಗೂ ಸೇರಿ ಒಂದೇ ಕಂಬಳಿ. ಚಳಿ ವಿಪರೀತ. ತಮ್ಮ ಎಳೆದುಕೊಂಡಾನೆಂದು ಅಣ್ಣ ಕಂಬಳಿಯ ಅಂಚನ್ನು ಮುಷ್ಟಿ ಕಟ್ಟಿ ಹಿಡಿದು ಬೆಳಗಿನವರೆಗೂ ಎಚ್ಚರವೇ ಇದ್ದ. ಕೈಗಳು ಸೆಟೆದುಕೊಂಡವು, ಆದರೂ ಬಿಡಲಿಲ್ಲ. ಬೆಳಕು ಹರಿದಾಗ ನೋಡಿದರೆ ಪಕ್ಕದಲ್ಲಿ ತಮ್ಮ ಇರಲೇ ಇಲ್ಲ. ಆಕಳು ಕರು ಹಾಕುತ್ತಿತ್ತೆಂದು ಅವನು ಮಲಗುವ ಹೊತ್ತಿಗೇ ಎದ್ದು ಕೊಟ್ಟಿಗೆಗೆ ಹೋಗಿದ್ದ.

ಜನ ನಕ್ಕರು. ಕಲ್ಲಯ್ಯನೂ ನಗಹೋದ. ನಗಲಾಗಲಿಲ್ಲ. ಕಣ್ಣು ತೆರೆಯಬಹುದಾದ ಹೊತ್ತು ಯಾವಾಗಲೋ ಮೀರಿತ್ತು. ಅವನು ತೆರೆಯಲಿಲ್ಲ. ಆ ಅಣ್ಣನ ಸೆಟೆದ ಕೈಗಳು ತನ್ನವೇ ಅನ್ನಿಸಿತ್ತು.

ಆಮೇಲೆ ಸಿಟ್ಟು ಬಂತು.

ಓದು ಮುಗಿದದ್ದೇ ತಡ, ನೆಟ್ಟಗೆ ಅಜ್ಜನ ಬಳಿ ಬಂದ.

"ಇದು ನ್ಯಾಯ ಅಲ್ರೀ ಅಜ್ಜಾರ."

"ಏನಾತು?"

"ಅಂಥಾ ಕಥೀ ಗ್ರಂಥದಾಗ ಇಟ್ಕೊಂಡು, ಇಷ್ಟ ವರ್ಷ ಒಂದ ದಿನಾನೂ ನನಗ ಕೊಡಲಿಲ್ಲ. ನಾ ಬ್ಯಾರೆ ಬ್ಯಾರೆ ಏನೇನೋ ಓದಿದೆ. ಚೊಲೋದ್ದನ್ನ ಇವಗ ಅಂತ ಮುಚ್ಚಿಟ್ಟಿದ್ರಿ. ಖರೇ ಹೇಳ್ರಿ, ಹೌದೋ ಅಲ್ಲೋ?"

ಅಜ್ಜ ಅವನನ್ನೇ ನೋಡಿದರು.

"ಹೋದ ಚಳಿಗಾಲದಾಗ ಅದನ್ನ ಓದಿದಾವ ನೀನ, ಕಲ್ಲಯ್ಯಾ."