ಗಟ್ಟಿಯಾದ ಜೇನು

ಹೊಳೆಯ ದಂಡೆಗೆ ಒಂದು ಮಠ. ಮಠಕ್ಕೆ ಮರುಳಯ್ಯಜ್ಜ ಗುರು.

ಸುತ್ತಿನ ಊರಿನವರು ಜೇನು ಕೊಳ್ಳುವಾಗ ಬಾಟಲಿಯ ಮೇಲೆ ಆ ಮಠದ ಮುದ್ರೆ ಇದೆಯೇ ಎಂದಷ್ಟೇ ನೋಡುತ್ತಿದ್ದರು. ಇದ್ದರೆ ಮುಚ್ಚಳ ತೆಗೆದು ಮೂಸುವ ಗೋಜಿಗೂ ಹೋಗುತ್ತಿರಲಿಲ್ಲ.

ಮುದ್ರೆ ಒತ್ತುವ ಕೆಲಸ ಶಿಷ್ಯ ಅಡಿವೆಪ್ಪನದು.

ಅದಕ್ಕೊಂದು ಕಟ್ಟಳೆ ಇತ್ತು. ಜೇನು ತೆಗೆಯುವಾಗ ಮುದ್ರೆ ಒತ್ತುವವನು ಪೆಟ್ಟಿಗೆಯ ಮುಂದೆ ನಿಂತಿರಬೇಕು. ಅಡಿವೆಪ್ಪನಿಗೋ ಜೇನುಹುಳು ಗುಂಯ್ ಅಂದರೆ ಸಾಕು, ಜೀವ ಬಾಯಿಗೆ ಬರುತ್ತಿತ್ತು. ಹಾಗಾಗಿ ಅವನು ಮಠದ ಅಂಗಳದಲ್ಲೇ ಕೂತು, ತಂದ ಜೇನಿನ ಒಂದು ಹನಿಯನ್ನು ನೀರಿಗೆ ಬಿಡುತ್ತಿದ್ದ. ಕರಗದೆ ತಳಕ್ಕೆ ಕೂತರೆ ಅಸಲಿ. ಒತ್ತು ಮುದ್ರೆ.

ಒಂದು ಮುಂಜಾನೆ ತಂಗೆವ್ವ ಬಂದಳು. ಸೂರ್ಯಕಾಂತಿ ಹೊಲಗಳ ಬದುವಿನಲ್ಲಿ ಜೇನುಪೆಟ್ಟಿಗೆ ಇಟ್ಟು ಬದುಕುವ ಹೆಂಗಸು. ಅಜ್ಜನ ಮುಂದೆ ಒಂದು ಬಾಟಲಿ ಇಟ್ಟಳು. ಒಳಗಿನ ಜೇನು ಚಳಿಗಾಲದ ತುಪ್ಪದಂತೆ ಗಟ್ಟಿಯಾಗಿತ್ತು.

"ಅಜ್ಜಾರ, ಪೆಟ್ಟಿಗೆ ಎಲ್ಲಾ ಕೊಟ್ಟುಬಿಡ್ತೀನ್ರಿ. ಬಡಿಗೇರ ಮಾನಪ್ಪ ನಾಳೆ ಗಾಡಿ ತರ್ತಾನ. ಹಲಗಿ ಚಲೋ ಅದಾವಂತ."

"ಹುಳ?"

"ಹಾರಿ ಹೋಗ್ತಾವ. ಅವಕ್ಕೇನ್ರಿ, ಎಲ್ಲ್ಯಾದ್ರೂ ಬದುಕ್ತಾವ. ನಾ ಎಲ್ಲಿಗೆ ಹಾರಲಿ?"

"ಯಾಕವ್ವಾ, ಏನಾತು?"

"ನಿಮ್ಮ ಶಿಷ್ಯನ್ನ ಕೇಳ್ರಿ."

ಅಡಿವೆಪ್ಪ ತಡಮಾಡಲಿಲ್ಲ. "ಕಲಬೆರಕಿ ಐತ್ರಿ ಅಜ್ಜಾರ. ನೋಡ್ರಿ, ಸಕ್ಕರಿ ಹೆಪ್ಪುಗಟ್ಟೈತಿ. ಅದಕ್ಕ ಮುದ್ರಿ ಒತ್ತಲಿಲ್ಲ. ರಾಚಪ್ಪಂದು ನೋಡ್ರಿ, ವರ್ಷಪೂರ್ತಿ ಒಂದ ಬಣ್ಣ, ಒಂದ ರುಚಿ. ಬಾಟಲಿ ಹಿಂದ ಬೆರಳಿಟ್ರ ಮುಂದ ಕಾಣತೈತಿ."

ರಾಚಪ್ಪ ಹೊಳೆಯಾಚೆಯ ವ್ಯಾಪಾರಿ. ಈ ವರ್ಷ ಮಠದ ಮುದ್ರೆಯೆಲ್ಲ ಅವನ ಬಾಟಲಿಗಳ ಮೇಲೇ ಬಿದ್ದಿತ್ತು.

"ಸೂರ್ಯಕಾಂತಿ ಜೇನು ಗಟ್ಟಿ ಆಗೂದ ಹಂಗ," ಎಂದಳು ತಂಗೆವ್ವ. "ಬಿಸಿನೀರಾಗ ಇಟ್ರ ಕರಗತೈತಿ. ನಿನಗ ಹೇಳಿದ್ನಲ್ಲೋ ತಮ್ಮಾ."

"ಎಲ್ಲಾರೂ ಹಂಗ ಹೇಳ್ತಾರ ಎವ್ವಾ. ಯಾವ ಕಳ್ಳ ತಾ ಕಳ್ಳ ಅಂತಾನ?"

ತಂಗೆವ್ವ ಸೆರಗು ಕೊಡವಿ ಎದ್ದಳು.

"ಅಮಾಸಿ ತನಕ ಮಾನಪ್ಪಗ ತಡಿ ಅನ್ನವ್ವಾ," ಎಂದ ಅಜ್ಜ.

"ಮಾನಪ್ಪ ತಡೀತಾನ್ರಿ. ಹೊಟ್ಟಿ ತಡೀಬೇಕಲ್ಲ?"

"ಅಲ್ಲೀತನಕ ಮಠದಾಗ ಉಣ್ಣು."

ಅವಳು ಹೋದ ಮೇಲೆ ಅಜ್ಜ ಶಿಷ್ಯನತ್ತ ತಿರುಗಿದ.

"ರಾಚಪ್ಪನ ಪೆಟ್ಟಿಗಿ ನೋಡೀಯೇನು?"

"ಹನಿ ನೋಡೀನ್ರಿ."

"ನಾ ಕೇಳಿದ್ದು ಪೆಟ್ಟಿಗಿ."

ಅಡಿವೆಪ್ಪ ನೀರಿನ ಬಟ್ಟಲನ್ನು ಬದಿಗೆ ಸರಿಸಿದ.

"ಹೋಗು. ಅವನ ಹುಳ ನೋಡಿಕೊಂಡು ಬಾ. ಹುಳ ಕಚ್ಚಿ ಮಾರಿ ಊದಿಸಿಕೊಂಡು ಬಂದ್ರ ಇನ್ನೂ ಚಲೋ."

ಅಡಿವೆಪ್ಪ ಹೊಳೆ ದಾಟಿದ. ರಾಚಪ್ಪ ಚಾಪೆ ಹಾಸಿದ, ಚಹಾ ಕೊಟ್ಟ, ಊರ ಸುದ್ದಿಯೆಲ್ಲ ತೆಗೆದ.

"ಹುಳ ಎಲ್ಲಿ ಅದಾವ ರಾಚಪ್ಪಾ?"

"ಕಾಡಿನಾಗ ಅದಾವ್ರಿ."

"ಈ ಬಯಲಾಗ ಯಾವ ಕಾಡೋ?"

ರಾಚಪ್ಪ ಇನ್ನೊಂದು ಕಪ್ ಚಹಾ ಸುರಿಯಲು ಹೋದ. ಅಡಿವೆಪ್ಪ ಎದ್ದು ಹಿತ್ತಲಿಗೆ ನಡೆದ. ಅಲ್ಲಿ ಒಲೆ ಉರಿಯುತ್ತಿತ್ತು. ಒಲೆಯ ಮೇಲೆ ಕೊಪ್ಪರಿಗೆ. ಕೊಪ್ಪರಿಗೆಯಲ್ಲಿ ಸಕ್ಕರೆ ಪಾಕ. ಗೋಡೆಗೆ ಒರಗಿಸಿದ ಖಾಲಿ ಬಾಟಲಿಗಳು. ಹುಳು ಅಂತ ಇದ್ದದ್ದು ನೊಣ ಮಾತ್ರ.

"ಜೇನುಹುಳ ಎಲ್ಲೋ?"

ರಾಚಪ್ಪ ನಾಚಲೂ ಇಲ್ಲ, ಹೆದರಲೂ ಇಲ್ಲ. ನಕ್ಕ.

"ಅಡಿವೆಪ್ಪನವರ, ನೀವು ಹುಳ ಯಾವಾಗ ಕೇಳಿದ್ರಿ? ಹನಿ ನೀರಿನಾಗ ಮುಳಗಬೇಕು ಅಂದ್ರಿ. ಮುಳಗೂವಂಗ ಪಾಕ ಏರಿಸೀನಿ. ನೀವು ಕೇಳಿದ್ದು ಒಂದೂ ಕಡಿಮಿ ಮಾಡಿಲ್ಲ."

ಅಡಿವೆಪ್ಪ ಮಠಕ್ಕೆ ಬಂದು ನಿಂತ. ಅವನ ಮುಖ ಹೋಗುವಾಗ ಇದ್ದಷ್ಟೇ ನುಣ್ಣಗಿತ್ತು, ಒಂದು ಹುಳುವೂ ಕಚ್ಚಿರಲಿಲ್ಲ. ಅಜ್ಜ ಅದನ್ನು ನೋಡಿ ಬೇರೇನೂ ಕೇಳಲಿಲ್ಲ.

"ತಂಗೆವ್ವ ಇವತ್ತು ಜೇನು ತಗೀತಾಳ," ಎಂದಷ್ಟೇ ಹೇಳಿದ.

ಸಂಜೆಗೆ ಅಡಿವೆಪ್ಪ ತಂಗೆವ್ವನ ಹೊಲದಿಂದ ತಿರುಗಿದಾಗ ಒಂದು ಕಣ್ಣು ಮುಚ್ಚಿತ್ತು. ತುಟಿ ಬದನೆಕಾಯಿಯಾಗಿತ್ತು.

"ತಪ್ಪಾತ್ರಿ ಅಜ್ಜಾರ. ಇನ್ನ ಮ್ಯಾಲೆ ರಾಚಪ್ಪಗ ಮುದ್ರಿ ಇಲ್ಲ. ಪೆಟ್ಟಿಗಿ ಮುಂದ ನಿಲ್ಲದ ನಾ ಯಾವುದಕ್ಕೂ ಒತ್ತೂದಿಲ್ಲ."

"ಒತ್ತಿ ಕಳಿಸಿದ್ದು?"

"ಅದು ಮನಿಮನಿ ಸೇರೇತ್ರಿ. ಯಾರಿಗೂ ಗೊತ್ತಿಲ್ಲ. ಹೇಳಿದ್ರ ಮಠದ ಹೆಸರು ಕೆಡತೈತಿ."

ಅಜ್ಜ ಎದ್ದ. ಕೊಟ್ಟಿಗೆಗೆ ಹೋಗಿ ತಾನೇ ಎತ್ತು ಬಿಚ್ಚಿ ತಂದ. ನೊಗಕ್ಕೆ ಕಟ್ಟಿದ. ಕಣಜದಿಂದ ಜೋಳದ ಚೀಲ ಎಳೆದು ಗಾಡಿಗೆ ಹೇರತೊಡಗಿದ.

"ಎಲ್ಲಿಗ್ರಿ ಅಜ್ಜಾರ?"

"ಹೆಸರು ಕೆಡಿಸಾಕ. ಇನ್ನೊಂದು ಕಡೆ ಹಿಡಿ."

"ಜೋಳ ಯಾಕ್ರಿ?"

"ತಂಗೆವ್ವನ ಮನ್ಯಾಗ ಇಳಿಸು. ಅಷ್ಟಕ್ಕ ಆಕಿ ಜೇನು ಏರಿಸು. ಮನಿಮನಿ ಬಾಗಿಲಿಗೆ ಹೋಗು. ಪಾಕ ತಗೊಂಡು ಬಾ, ಜೇನು ಕೊಟ್ಟು ಬಾ."

"ನಾವು ಉಣ್ಣೂದು?"

"ಅಂಬಲಿ ಐತಿ. ಅದಕ್ಕ ಮುದ್ರಿ ಬೇಕಾಗಿಲ್ಲ."

ಬೆಳಗಾದರೆ ಅಡಿವೆಪ್ಪ ಗಾಡಿ ಹೊಡೆದುಕೊಂಡು ಹೊರಡುತ್ತಿದ್ದ.

ಒಬ್ಬಾಕೆ ಬಾಟಲಿ ಬೋರಲು ಹಾಕಿ ನೋಡಿದಳು. ಜೇನು ಅಲುಗಲಿಲ್ಲ.

"ಇದು ಸಕ್ಕರಿ ಅಲ್ಲೇನೋ?"

"ಅಲ್ರಿ ಅಕ್ಕಾರ. ಸೂರ್ಯಕಾಂತಿದು ಹಿಂಗ ಗಟ್ಟಿ ಆಗತೈತಿ. ಪೆಟ್ಟಿಗಿ ಮುಂದ ನಿಂತು ತಂದೀನಿ."

"ನೀ ತಿರುಗಿ ತಗೊಂಡ ಬಾಟಲಿ ಮ್ಯಾಲೂ ನಿಂದ ಮುದ್ರಿ ಇತ್ತಲ್ಲ?"

"ಇತ್ರಿ. ಆವಾಗ ನಿಂತಿರಲಿಲ್ಲ."

ಆಕೆ ಅವನ ಊದಿದ ಮುಖವನ್ನೇ ನೋಡಿದಳು. ಒಳಗೆ ಹೋಗಿ ಬಾಟಲಿಯನ್ನು ಬಿಸಿನೀರಲ್ಲಿ ಇಟ್ಟಳು. ಕರಗಿದ್ದನ್ನು ಬೆರಳಲ್ಲಿ ನೆಕ್ಕಿದಳು. ಓಣಿಯ ಹೆಂಗಸರನ್ನು ಕೂಗಿದಳು.

ಎಲ್ಲ ಬಾಗಿಲೂ ಹಾಗಿರಲಿಲ್ಲ. ಒಬ್ಬ ಮುದುಕ, "ಮಠದವರೂ ಹಿಂಗಾದ್ರ ನಾವು ಯಾರ ಕಾಲಿಗೆ ಬೀಳೂದೋ?" ಎಂದು ಕದ ಬಡಿದು ಹಾಕಿಕೊಂಡ. ಇನ್ನೊಂದೂರಲ್ಲಿ ನಾಯಿ ಛೂ ಬಿಟ್ಟರು. ಅಡಿವೆಪ್ಪ ಮರುದಿನ ಅದೇ ಓಣಿಗೆ ಮತ್ತೆ ಹೋದ.

ಅಮಾವಾಸ್ಯೆಗೆ ಬಡಿಗೇರ ಮಾನಪ್ಪ ಗಾಡಿ ತಂದ. ತಂಗೆವ್ವ ಬದುವಿನ ಮೇಲೆ ನಿಂತು ಕೈ ಅಡ್ಡ ಬೀಸಿದಳು.

"ಒಯ್ಯಾಕ ಬ್ಯಾಡಪಾ. ಹಲಗಿ ಇದ್ರ ನೀನ ತಗೊಂಡು ಬಾ. ಇನ್ನೊಂದು ಪೆಟ್ಟಿಗಿ ಬೇಕಾಗೇತಿ. ಹುಳ ಎರಡು ಗುಂಪು ಆಗ್ಯಾವ."

ಅಂದು ಸಂಜೆ ಅಡಿವೆಪ್ಪ ಹೊಳೆಯಲ್ಲಿ ಎತ್ತಿಗೆ ನೀರು ಕುಡಿಸುತ್ತಿದ್ದ. ಅಜ್ಜ ದಂಡೆಯ ಕಲ್ಲಿನ ಮೇಲೆ ಕೂತಿದ್ದ.

"ಮುಗೀತ್ರಿ ಅಜ್ಜಾರ. ಸಿಕ್ಕ ಬಾಟಲಿ ಎಲ್ಲಾ ತಂದೀನಿ."

"ಸಿಗದ್ದು?"

"ಉಂಡು ಖಾಲಿ ಮಾಡಿದವರ ಮನಿಗೆ ಹೋಗಿಲ್ರಿ. ಅಲ್ಲಿ ತರೂದೇನೈತಿ? ಅವರಿಗೆ ಗೊತ್ತೂ ಇಲ್ಲ. ಹಾದ್ಯಾಗ ಸಿಕ್ರ ನಕ್ಕೋತ ಮಾತಾಡ್ತಾರ."

ಅಜ್ಜ ಎದ್ದು, ದಂಡೆಯ ಮೇಲೆ ಬಿದ್ದಿದ್ದ ಎತ್ತಿನ ಹಗ್ಗ ಎತ್ತಿ ಅವನ ಕೈಗೆ ಕೊಟ್ಟ.

"ಗೊತ್ತಾದವರು ನಿನಗ ಬೈದು ಸುಮ್ಮನಾದ್ರು. ಗೊತ್ತಿಲ್ಲದವರು ಇನ್ನೂ ನಿನಗ ಕೈ ಮುಗಿತಾರ. ಅಲ್ಲಿಗೆ ನಡಿ."