ಗೇರೆಣ್ಣೆ ಬಳಿದ ಗಾಜು

"ಗುರುಗಳೇ, ನನ್ನ ಜೊತೆಯ ಶಿಷ್ಯನ ಮೇಲೆ ನನಗೆ ಮೊದಲಿನಿಂದಲೂ ಅನುಮಾನವಿತ್ತು. ಮಠ ಬಿಟ್ಟು ಹೋಗಲು ಬಟ್ಟೆ ಕಟ್ಟಿಟ್ಟಿದ್ದಾನೆಯೇ ಎಂದು ಅವನ ಗಂಟನ್ನೂ ದಿನಾ ಬಿಚ್ಚಿ ನೋಡುತ್ತಿದ್ದೆ. ನಿನ್ನೆ ಹೊರಟೇ ಹೋದ. ನನ್ನ ಅನುಮಾನ ಸರಿಯೇ ಆಯಿತಲ್ಲವೇ?" ಎಂದು ಶಿಷ್ಯನೊಬ್ಬ ಕೇಳಿದ. ಅವನ ದನಿಯಲ್ಲಿ ದುಃಖಕ್ಕಿಂತ ಗೆಲುವೇ ಹೆಚ್ಚಾಗಿತ್ತು.

ಗುರು ಹೇಳಿದರು:

ಕರಾವಳಿಯಲ್ಲಿ ಒಬ್ಬ ದೋಣಿ ಯಜಮಾನನಿದ್ದ. ಅವನ ಅಪ್ಪನ ಕಾಲದಿಂದಲೂ ಆ ದೋಣಿ ನಡೆಸುತ್ತಿದ್ದವನು ಒಬ್ಬನೇ ತಾಂಡೇಲ. ನೀರಿನಲ್ಲಿ ನಿಂತ ದೋಣಿಯ ತಳಕ್ಕೆ ಪಾಚಿ ಹಿಡಿಯುತ್ತದೆ, ಚಿಪ್ಪು ಕಚ್ಚುತ್ತದೆ. ದೋಣಿ ಭಾರವಾಗಿ, ಅದು ತಲುಪುವಷ್ಟರಲ್ಲಿ ಮೀನು ಬೇರೆಯವರ ಪಾಲಾಗಿರುತ್ತದೆ. ಇದನ್ನು ತಪ್ಪಿಸಲು, ಮಳೆಗಾಲದಲ್ಲಿ ದೋಣಿ ದಡದ ಮೇಲಿದ್ದಾಗ ತಾಂಡೇಲ ಅದರ ತಳಕ್ಕೆ ಗಾಜಿನ ಪಟ್ಟಿಗಳನ್ನು ಕೂರಿಸಿದ. ಅವುಗಳಿಂದ ಅತಿನೇರಳೆ ಬೆಳಕು ಹೊಮ್ಮುತ್ತದೆ, ಅದು ಬಿದ್ದಲ್ಲಿ ಏನೂ ಬೆಳೆಯದು ಎಂದು ವಿವರಿಸಿದ.

ಯಜಮಾನ ಬಗ್ಗಿ ನೋಡಿದ. "ಎಂತದೂ ಕಾಣುದಿಲ್ಲವಲ್ಲ ಮಾರಾಯ. ಕಾಣದ್ದು ಎಂತ ಬೆಳಕು?"

"ಅದು ಕಾಂಬ ಬೆಳಕಲ್ಲ ಒಡೆಯಾ. ಹಾಗೆ ದಿಟ್ಟಿಸಬೇಡಿ, ಕಣ್ಣಿಗೆ ಕೇಡು. ಈ ಸಲ ಚಿಪ್ಪು ಹಿಡಿದ್ರೆ ನಾನೇ ದೋಣಿ ಇಳಿದು ಹೋಗ್ತೇನೆ."

ಇಷ್ಟು ಧೈರ್ಯವಾಗಿ ಹೇಳುತ್ತಾನೆಂದರೆ ಗಾಜು ಮಾರಿದವನೊಂದಿಗೆ ಒಳಗೊಳಗೇ ಏನೋ ಮಾತಾಗಿದೆ ಎಂದುಕೊಂಡ ಯಜಮಾನ. ಅನುಮಾನದವನಿಗೆ ಎದುರಿನವನು ಹೆದರಿದರೂ ಕಷ್ಟ, ಹೆದರದಿದ್ದರೂ ಕಷ್ಟ.

ತಾಂಡೇಲ ತಂಗಿಯ ಮದುವೆಗೆಂದು ಊರಿಗೆ ಹೋದ. ಬೆಳಕನ್ನೇ ನಂಬಿ ಕೂತರೆ ಕೆಟ್ಟೆ ಎಂದು ಯಜಮಾನ ದೋಣಿಗೆ ಗೇರೆಣ್ಣೆ ಬಳಿಯಲು ನಿಂತ. ಗೇರುಬೀಜದ ಸಿಪ್ಪೆಯಿಂದ ತೆಗೆದ ಆ ಕಪ್ಪು ಎಣ್ಣೆಯನ್ನು ಮರದ ದೋಣಿಗೆ ಬಳಿಯುವುದು ಅಲ್ಲಿಯ ಹಳೆಯ ರೂಢಿ. ಬೆರಳಗಲ ಜಾಗವನ್ನೂ ಬಿಡಬಾರದೆಂದು ಅಪ್ಪ ಕಲಿಸಿದ್ದ. ಮಗ ಗಾಜನ್ನೂ ಬಿಡಲಿಲ್ಲ. ಆಳು ಕರೆದರೆ ತಾಂಡೇಲನಿಗೆ ಸುದ್ದಿ ಮುಟ್ಟೀತೆಂದು ಬರಿಗೈಯಲ್ಲೇ ಬಳಿದು, ತಾಂಡೇಲ ಬರುವ ಮೊದಲೇ ದೋಣಿಯನ್ನು ನೀರಿಗಿಳಿಸಿದ.

ಕೆಲವೇ ವಾರಗಳಲ್ಲಿ ದೋಣಿ ತೆವಳತೊಡಗಿತು. ದಡಕ್ಕೆಳೆದು ನೋಡಿದರೆ ತಳದ ತುಂಬ ಚಿಪ್ಪು. "ನಾನು ಮೊದಲೇ ಹೇಳಿದ್ದೆ" ಎಂದು ಯಜಮಾನ ಬಂದರಿಗೆಲ್ಲ ಕೇಳುವಂತೆ ಹೇಳಿದ. ಅಪ್ಪನ ಕಾಲದ ಜೊತೆಗಾರ ಕೈಬಿಟ್ಟು ಹೋಗುವ ನೋವಿಗಿಂತ ತಾನೇ ಸರಿ ಎಂಬ ಖುಷಿ ಅವನಿಗೆ ದೊಡ್ಡದಾಗಿತ್ತು.

ತಾಂಡೇಲ ಗಾಜಿಗೆ ಕಚ್ಚಿದ್ದ ಚಿಪ್ಪನ್ನು ಕಿತ್ತು ನೋಡಿದ. ಅದರಡಿ ಕಪ್ಪು ಎಣ್ಣೆ ಒಣಗಿ ಹಿಡಿದು ಬೆಳಕನ್ನು ಮುಚ್ಚಿಬಿಟ್ಟಿತ್ತು. ಯಾರು ಬಳಿದರೆಂದು ಅವನಿಗೆ ತಿಳಿಯಲಿಲ್ಲ. ಆದರೂ ಆಡಿದ ಮಾತಿಗೆ ತಪ್ಪಬಾರದೆಂದು ಎಂಜಿನ್ನಿನ ಕೀಲಿ ಒಪ್ಪಿಸಲು ಬಂದ. ಯಜಮಾನ ಕೈ ಚಾಚಿದ. ಗೇರೆಣ್ಣೆ ತಾಗಿ ಸುಟ್ಟು ಚರ್ಮ ಸುಲಿದಿದ್ದ ಆ ಅಂಗೈಯಿಂದ ಕಪ್ಪು ಕಲೆ ಇನ್ನೂ ಹೋಗಿರಲಿಲ್ಲ. ತಾಂಡೇಲ ಅದನ್ನು ನೋಡಿದ. ಕೀಲಿಯನ್ನು ಕಲೆಯ ಮೇಲಿಟ್ಟು ಹೊರಟುಹೋದ.

ಶಿಷ್ಯ ನಕ್ಕುಬಿಟ್ಟ. "ಎಂಥ ಮೂರ್ಖ ಆ ಯಜಮಾನ!"

ಗುರು ಹೇಳಿದರು: "ಎಲ್ಲಿ, ನಿನ್ನ ಅಂಗೈ ತೋರಿಸು."